ವಿಮಾನದ ಬಾಳಿಕೆ: ಭಾರತೀಯ ವಾಯುಪಡೆಯ ಯಂತ್ರಗಳ ಕಥೆ

(ವಿದ್ಯಾರ್ಥಿಗಳೂ ನಿವೃತ್ತ ತಂತ್ರಜ್ಞರೂ ಸೇರಿದ್ದ ಬೆಂಗಳೂರಿನ ಒಂದು ಸಭೆಯಲ್ಲಿ ನೀಡಿದ ಉಪನ್ಯಾಸದ ಪರಿಷ್ಕೃತ ಬರಹ)

ಸಭೆಯಲ್ಲಿರುವ ಎಲ್ಲರಿಗೂ ನಮಸ್ಕಾರ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಆವರಣದಲ್ಲಿ ನಿಂತಿರುವ ಯುದ್ಧವಿಮಾನವನ್ನು ನಿಮ್ಮಲ್ಲಿ ಬಹುಪಾಲು ಜನ ನೋಡಿರುತ್ತೀರಿ. ಮಕ್ಕಳನ್ನು ಕರೆತಂದವರು ಸಾಮಾನ್ಯವಾಗಿ ಅದರ ಚೂಪು ಮೂಗಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಹೊರಡುತ್ತಾರೆ. ಮುಂದಿನ ಸಲ ಹೋದಾಗ ದಯವಿಟ್ಟು ಅದರ ಹಿಂಬದಿಗೆ ಹೋಗಿ ನೋಡಿ. ಶಬ್ದದ ವೇಗವನ್ನು ಮೀರಲೆಂದೇ ನಡು ಸಣ್ಣ ಮಾಡಿ, ರೆಕ್ಕೆಗಳನ್ನು ಹಿಂದಕ್ಕೆ ಬಾಗಿಸಿ, ಬಹಳ ಲೆಕ್ಕಾಚಾರದಿಂದ ರೂಪಿಸಿದ ಆ ಒಡಲಿನ ಕೊನೆಯಲ್ಲಿ ಎರಡು ದುಂಡನೆಯ ಬಾಯಿಗಳಿವೆ. ಅಷ್ಟು ದೊಡ್ಡ ಒಡಲಿಗೆ ಅವು ಚಿಕ್ಕವಾದವು ಎಂದು ಎಂಜಿನಿಯರಿಂಗ್ ಓದದವರಿಗೂ ಅನ್ನಿಸುತ್ತದೆ. ಆ ಅನಿಸಿಕೆ ಸರಿಯಾದದ್ದೇ. ಅದರ ಹೆಸರು ಮಾರುತ್. ಅದರ ಕಥೆಗೆ ಆಮೇಲೆ ಬರುತ್ತೇನೆ.

ವಾಯುಪಡೆಯ ವಿಮಾನಗಳ ಬಗ್ಗೆ ಮಾತನಾಡುವವರು ಸಾಮಾನ್ಯವಾಗಿ ವೇಗ, ಎತ್ತರ, ಆಯುಧ ಇವುಗಳ ಪಟ್ಟಿ ಕೊಡುತ್ತಾರೆ. ನಾನು ಇಂದು ಮಾತನಾಡಬೇಕೆಂದಿರುವುದು ಬಾಳಿಕೆಯ ಬಗ್ಗೆ. ಬೇರೆ ದೇಶಗಳು ಗುಜರಿಗೆ ಹಾಕಿದ ಎಷ್ಟೋ ವಿಮಾನಗಳು ನಮ್ಮಲ್ಲಿ ದಶಕಗಟ್ಟಲೆ ಹಾರಿವೆ. ಇದರಲ್ಲಿ ಕೈಚಳಕದಿಂದ ಬಾಳಿಸಿದ್ದು ಒಂದು ಬಗೆಯಾದರೆ, ಬದಲಿ ವಿಮಾನ ಬಾರದೆ ಬಾಳಿಸಬೇಕಾಗಿ ಬಂದದ್ದು ಇನ್ನೊಂದು ಬಗೆ. ಹೊರಗಿನಿಂದ ನೋಡಿದರೆ ಇವೆರಡೂ ಒಂದೇ ಥರ ಕಾಣುತ್ತವೆ; ವಿಮಾನದೊಳಗೆ ಕುಳಿತವನಿಗೆ ಮಾತ್ರ ಒಂದೇ ಅಲ್ಲ.

ಮೊದಲ ವಿಮಾನವೇ ಹಳೆಯ ಸಾಮಾನಿನಿಂದ ಹುಟ್ಟಿದ್ದು. ಭಾರತೀಯ ವಾಯುಪಡೆ 1932ರ ಅಕ್ಟೋಬರ್ 8ರಂದು ಕಾನೂನಿನ ಪ್ರಕಾರ ಸ್ಥಾಪನೆಯಾದರೂ, ಅದರ ಮೊದಲ ಸ್ಕ್ವಾಡ್ರನ್ ರೂಪುಗೊಂಡದ್ದು 1933ರ ಏಪ್ರಿಲ್ 1ರಂದು, ಕರಾಚಿಯ ಡ್ರಿಗ್ ರೋಡ್‌ನಲ್ಲಿ. ಇದ್ದದ್ದು ನಾಲ್ಕು ವೆಸ್ಟ್‌ಲ್ಯಾಂಡ್ ವಾಪಿಟಿ ವಿಮಾನಗಳು. ಮೊದಲ ಮಹಾಯುದ್ಧದ ಡಿಎಚ್-9ಎ ವಿಮಾನಗಳ ಬಿಡಿಭಾಗಗಳು ಬ್ರಿಟನ್ನಿನ ಉಗ್ರಾಣಗಳಲ್ಲಿ ರಾಶಿ ಬಿದ್ದಿದ್ದವು. ಅವನ್ನು ಆದಷ್ಟೂ ಬಳಸಿಕೊಳ್ಳಬೇಕು ಎಂಬ ಷರತ್ತಿನ ಮೇಲೆಯೇ ವಾಪಿಟಿಯ ವಿನ್ಯಾಸ ನಡೆದಿತ್ತು. ಎರಡು ಅಂತಸ್ತಿನ ರೆಕ್ಕೆ, ತೆರೆದ ಕಾಕ್‌ಪಿಟ್ಟು, ಮುಂದೆ ಗಾಳಿಯಿಂದ ತಣಿಯುವ ಜ್ಯೂಪಿಟರ್ ಎಂಜಿನ್. ಮೊದಲ ಭಾರತೀಯ ಪೈಲಟ್‌ಗಳಲ್ಲಿ ಒಬ್ಬರಾದ ಸುಬ್ರತೋ ಮುಖರ್ಜಿಯವರು 1954ರಲ್ಲಿ ವಾಯುಪಡೆಯ ಮೊದಲ ಭಾರತೀಯ ಮುಖ್ಯಸ್ಥರಾದರು. ಬ್ರಿಟಿಷರು ಭಾರತೀಯರ ಕೈಗೆ ಕೊಟ್ಟದ್ದು ತಮ್ಮ ಅತ್ಯುತ್ತಮ ಯಂತ್ರವನ್ನಲ್ಲ ಎಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಆದರೂ ವಜೀರಿಸ್ತಾನದ ಗುಡ್ಡಗಾಡಿನಲ್ಲಿ, ಕಾರ್ಯಾಗಾರವೆಂದು ಹೇಳಿಕೊಳ್ಳುವಂಥದ್ದೇನೂ ಇಲ್ಲದ ಕಡೆ, ಆ ಯಂತ್ರಗಳನ್ನು ಹಾರುವ ಸ್ಥಿತಿಯಲ್ಲಿಟ್ಟದ್ದೇ ಈ ಪಡೆಯ ತಂತ್ರಜ್ಞರಿಗೆ ಸಿಕ್ಕ ಮೊದಲ ಪಾಠವಾಯಿತು.

ಆ ಪಾಠ 1942ರ ಫೆಬ್ರುವರಿಯಲ್ಲಿ ಬರ್ಮಾದಲ್ಲಿ ಉಪಯೋಗಕ್ಕೆ ಬಂತು. ಒಂದನೇ ಸ್ಕ್ವಾಡ್ರನ್ನಿನ ಬಳಿ ಆಗ ಇದ್ದದ್ದು ಲೈಸ್ಯಾಂಡರ್ ವಿಮಾನಗಳು. ಭೂಸೇನೆಗೆ ಕಣ್ಣಾಗಿ, ನೆಲದ ಮೇಲಿನ ಚಲನವಲನ ನೋಡಿ ವರದಿ ಮಾಡುವುದಕ್ಕೆಂದು ತಯಾರಾದ ನಿಧಾನಗತಿಯ ಯಂತ್ರಗಳು. ಸ್ಕ್ವಾಡ್ರನ್ ಲೀಡರ್ ಕರುಣ್ ಕೃಷ್ಣ ಮಜುಂದಾರ್ ಅವರ ತಂಡ ಅವುಗಳಿಗೆ ತಲಾ ಎರಡು 250 ಪೌಂಡಿನ ಬಾಂಬುಗಳನ್ನು ಕಟ್ಟಿಕೊಂಡು ಥಾಯ್ಲೆಂಡಿನ ಗಡಿಯಾಚೆಯಿದ್ದ ಜಪಾನಿ ವಿಮಾನ ನೆಲೆಯ ಮೇಲೆ ದಾಳಿ ಮಾಡಿತು. ಮುಂದೆ ಹರಿಕೇನ್, ವೆಂಜೆನ್ಸ್, ಸ್ಪಿಟ್‌ಫೈರ್ ವಿಮಾನಗಳು ಬಂದವು. ಇಂಫಾಲದಲ್ಲಿ ಅರ್ಜನ್ ಸಿಂಗ್ ಅವರು ಹರಿಕೇನ್‌ಗಳ ಅದೇ ಸ್ಕ್ವಾಡ್ರನ್ನನ್ನು ಮುನ್ನಡೆಸಿದರು. ಆ ಯುದ್ಧದ ವಿವರಗಳನ್ನು ಇಲ್ಲಿಗೇ ಬಿಡುತ್ತೇನೆ, ಏಕೆಂದರೆ ನಮ್ಮ ಕಥೆಗೆ ಮುಖ್ಯವಾದ ಸಂಗತಿಯೊಂದು ಅದೇ ಹೊತ್ತಿಗೆ ಬೆಂಗಳೂರಿನಲ್ಲಿ ನಡೆಯುತ್ತಿತ್ತು.

ಉದ್ಯಮಿ ವಾಲಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಜಮೀನು ಮತ್ತು ಬಂಡವಾಳದ ನೆರವಿನಿಂದ 1940ರ ಡಿಸೆಂಬರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು, ಅಂದರೆ ಇಂದಿನ ಎಚ್‌ಎಎಲ್ ಅನ್ನು, ಕಟ್ಟಿದರು. ಆಗ ದಿವಾನರಾಗಿದ್ದವರು ಮಿರ್ಜಾ ಇಸ್ಮಾಯಿಲ್. ಉದ್ದೇಶ ವಿಮಾನ ತಯಾರಿಸುವುದಾಗಿತ್ತು. ಆದರೆ 1943ರ ವೇಳೆಗೆ ಕಾರ್ಖಾನೆ ಅಮೆರಿಕದ ಸೇನೆಯ ಉಸ್ತುವಾರಿಗೆ ಹೋಗಿ, ತಯಾರಿಕೆಗಿಂತ ರಿಪೇರಿಯೇ ಮುಖ್ಯವಾಯಿತು. ಏಷ್ಯಾದ ರಣರಂಗದಲ್ಲಿ ಜರ್ಜರಿತವಾದ ವಿಮಾನಗಳು ಸಾಲುಸಾಲಾಗಿ ಇಲ್ಲಿಗೆ ಬಂದವು. ಕ್ಯಾಟಲೀನಾ ಎಂಬ ನೀರಿನ ಮೇಲಿಳಿಯುವ ವಿಮಾನಗಳು ಬೆಳ್ಳಂದೂರು ಕೆರೆಗೆ ಬಂದಿಳಿಯುತ್ತಿದ್ದವು. ಇಂದು ಆ ಕೆರೆಯ ನೊರೆಯನ್ನು ಮಾತ್ರ ಬಲ್ಲ ತಲೆಮಾರಿಗೆ ಇದು ನಂಬಲಾಗದ ಮಾತು. ವಿಮಾನವನ್ನು ಪೂರ್ತಿ ಬಿಚ್ಚಿ, ಸವೆದದ್ದನ್ನು ಬದಲಿಸಿ, ಮತ್ತೆ ಜೋಡಿಸುವ ಓವರ್‌ಹಾಲ್ ಎಂಬ ವಿದ್ಯೆ ಈ ಊರಿನ ಸಾವಿರಾರು ಕೈಗಳಿಗೆ ಹತ್ತಿದ್ದು ಆಗ.

ಆ ವಿದ್ಯೆಯ ಫಲವಾಗಿ ಬಂದವು ಲಿಬರೇಟರ್‌ಗಳು. ಈ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಯುದ್ಧ ಮುಗಿದ ಮೇಲೆ ನಾಲ್ಕು ಎಂಜಿನ್ನಿನ ಬಿ-24 ಲಿಬರೇಟರ್ ಬಾಂಬರ್‌ಗಳನ್ನು ಕಾನ್ಪುರದ ಚಕೇರಿಯಲ್ಲಿ ಬಿಟ್ಟುಹೋಗಲಾಗಿತ್ತು. ಬಿಟ್ಟುಹೋಗುವಾಗ ಯಾರೂ ಅವನ್ನು ಮತ್ತೆ ಹಾರಿಸಬಾರದೆಂದು ಉದ್ದೇಶಪೂರ್ವಕವಾಗಿಯೇ ಕೆಡಿಸಿದ್ದರು: ಬುಲ್ಡೋಜರ್‌ಗಳಿಂದ ಒಡಲನ್ನು ಗುದ್ದಿಸಿದ್ದರು, ಉಪಕರಣಗಳನ್ನು ಒಡೆದಿದ್ದರು, ಎಂಜಿನ್‌ಗಳಿಗೆ ಮರಳು ಸುರಿದಿದ್ದರು. ಸ್ವಾತಂತ್ರ್ಯ ಬಂದಾಗ ದೇಶದ ಬಳಿ ಭಾರೀ ಬಾಂಬರ್ ಒಂದೂ ಇರಲಿಲ್ಲ, ಕೊಳ್ಳಲು ಹಣವೂ ಇರಲಿಲ್ಲ. ಬೆಂಗಳೂರಿನ ಕಾರ್ಖಾನೆಯ ತಂತ್ರಜ್ಞರು ಚಕೇರಿಗೆ ಹೋಗಿ, ಒಂದು ವಿಮಾನದ ಕೆಡದ ಭಾಗವನ್ನು ಇನ್ನೊಂದಕ್ಕೆ ಹಾಕಿ, ಬೆಂಗಳೂರುವರೆಗೆ ಒಮ್ಮೆ ಹಾರಿದರೆ ಸಾಕು ಎನ್ನುವ ಮಟ್ಟಕ್ಕೆ ಅವನ್ನು ಸಿದ್ಧಗೊಳಿಸಿದರು. ಹಾಗೆ ತೇಪೆ ಹಾಕಿದ ವಿಮಾನಗಳನ್ನು ಒಂದಾದ ಮೇಲೊಂದರಂತೆ ದಕ್ಷಿಣಕ್ಕೆ ಹಾರಿಸಿಕೊಂಡು ಬಂದವರು ಕಾರ್ಖಾನೆಯ ಟೆಸ್ಟ್ ಪೈಲಟ್ ಜಮ್ಷೆಡ್ ಮುನ್ಷಿ. ಇಲ್ಲಿ ಅವು ಸಂಪೂರ್ಣ ಓವರ್‌ಹಾಲ್ ಆಗಿ, 1948ರ ನವೆಂಬರಿನಲ್ಲಿ ಐದನೇ ಸ್ಕ್ವಾಡ್ರನ್ ಅವುಗಳೊಂದಿಗೇ ಆರಂಭವಾಯಿತು. ಕೊನೆಯ ಲಿಬರೇಟರ್‌ಗಳು ಸಮುದ್ರದ ಮೇಲಿನ ಗಸ್ತಿನಲ್ಲಿ 1968ರವರೆಗೂ ಹಾರಿದವು. ಆ ಹೊತ್ತಿಗೆ ಜಗತ್ತಿನ ಬೇರಾವ ವಾಯುಪಡೆಯಲ್ಲೂ ಲಿಬರೇಟರ್ ಉಳಿದಿರಲಿಲ್ಲ. ಇವತ್ತು ಬ್ರಿಟನ್, ಅಮೆರಿಕ, ಕೆನಡಾಗಳ ಸಂಗ್ರಹಾಲಯಗಳಲ್ಲಿ ಜನ ನೋಡುವ ಲಿಬರೇಟರ್‌ಗಳಲ್ಲಿ ಕೆಲವು ಭಾರತದಿಂದಲೇ ಹೋದವು. ಯಾವುದನ್ನು ಗುದ್ದಿ ಕೆಡವಿ ಹೋಗಿದ್ದರೋ ಅದನ್ನೇ ಇಪ್ಪತ್ತು ವರ್ಷಗಳ ಮೇಲೆ ಅಪರೂಪದ ವಸ್ತುವೆಂದು ಪಡೆದುಕೊಂಡು ಹೋದರು.

ಸಾಗಣೆ ವಿಮಾನಗಳದ್ದು ಇದಕ್ಕಿಂತ ಭಿನ್ನವಾದ ಕಷ್ಟ. ಅವುಗಳ ಎದುರಾಳಿ ಹಿಮಾಲಯ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ. ತೆಳು ಗಾಳಿಯಲ್ಲಿ ಎಂಜಿನ್ನಿನ ಬಲ ಕುಗ್ಗುತ್ತದೆ, ರೆಕ್ಕೆಗೆ ಸಿಗುವ ಎತ್ತುವ ಶಕ್ತಿಯೂ ಕಡಿಮೆಯಾಗುತ್ತದೆ, ಆದ್ದರಿಂದ ನೆಲದಿಂದೇಳಲು ಹೆಚ್ಚು ಓಟ ಬೇಕಾಗುತ್ತದೆ. 1947ರ ಅಕ್ಟೋಬರ್ 27ರಂದು ಶ್ರೀನಗರಕ್ಕೆ ಮೊದಲ ತುಕಡಿಗಳನ್ನು ಒಯ್ದ ಡಕೋಟಾಗಳು ಮುಂದಿನ ವರ್ಷ ಲೇಹ್‌ಗೆ ಹೋಗಬೇಕಾಯಿತು. ಸಮುದ್ರಮಟ್ಟದಿಂದ ಮೂರು ಸಾವಿರ ಮೀಟರಿಗೂ ಎತ್ತರದಲ್ಲಿ, ಎಂಜಿನಿಯರ್ ಸೋನಂ ನೊರ್ಬು ಸ್ಥಳೀಯರನ್ನು ಸೇರಿಸಿ ಸಿಂಧೂ ನದಿಯ ಬಳಿ ಹದಗೊಳಿಸಿದ್ದ ಮಣ್ಣಿನ ಪಟ್ಟಿಯ ಮೇಲೆ 1948ರ ಮೇ 24ರಂದು ಏರ್ ಕಮೋಡೋರ್ ಮೆಹರ್ ಸಿಂಗ್ ಮೊದಲ ಡಕೋಟಾವನ್ನು ಇಳಿಸಿದರು. ಆ ವಿಮಾನದಲ್ಲಿ ಅವರ ಜೊತೆಗಿದ್ದವರು ಕೊಡಗಿನ ಜನರಲ್ ತಿಮ್ಮಯ್ಯ. ಕ್ಯಾಬಿನ್ನಿನಲ್ಲಿ ಒತ್ತಡ ಕಾಯ್ದುಕೊಳ್ಳುವ ವ್ಯವಸ್ಥೆಯಿಲ್ಲದ, ಮೂಲತಃ ಪ್ರಯಾಣಿಕರಿಗೆಂದು ರೂಪಿಸಿದ ವಿಮಾನವೊಂದರಿಂದ ಅಷ್ಟನ್ನು ನಿರೀಕ್ಷಿಸುವ ಹಕ್ಕು ಯಾರಿಗೂ ಇರಲಿಲ್ಲ.

ಡಕೋಟಾಗಳ ನಂತರ ಬಂದ ಪ್ಯಾಕೆಟ್ ವಿಮಾನವನ್ನು ನಮ್ಮವರು ಮಾಡಿಕೊಂಡ ರೀತಿ ನನಗೆ ಎಂದಿಗೂ ಬೇಸರ ತರಿಸದ ಸಂಗತಿ. ಅಮೆರಿಕದ ಸಿ-119 ಪ್ಯಾಕೆಟ್‌ಗೆ ಎರಡು ಪಿಸ್ಟನ್ ಎಂಜಿನ್‌ಗಳಿದ್ದವು. ಲಡಾಖಿನ ಎತ್ತರಕ್ಕೆ ಅವು ಸಾಲದಾದವು. ಆಗ ಬೆಂಗಳೂರಿನಲ್ಲಿ ನ್ಯಾಟ್ ಯುದ್ಧವಿಮಾನಕ್ಕೆಂದು ತಯಾರಾಗುತ್ತಿದ್ದ ಆರ್ಫಿಯಸ್ ಜೆಟ್ ಎಂಜಿನನ್ನು ಆ ಸಾಗಣೆ ವಿಮಾನದ ಬೆನ್ನ ಮೇಲೆ ಕೂರಿಸಿದರು. ಎತ್ತಿನಗಾಡಿಗೆ ಮೇಲಿನಿಂದ ಮೋಟರು ಕಟ್ಟಿದ ಹಾಗೆ ಕಾಣುತ್ತಿತ್ತು, ಆದರೆ ಕೆಲಸ ಮಾಡಿತು. ಪ್ಯಾಕೆಟ್ ವಿಮಾನವೊಂದು 1962ರ ಜುಲೈ 23ರಂದು ಐದು ಸಾವಿರ ಮೀಟರ್ ಎತ್ತರದ ದೌಲತ್ ಬೇಗ್ ಓಲ್ಡಿಯಲ್ಲಿ ಇಳಿದಿತ್ತು. ಅದೇ ಪಟ್ಟಿಯ ಮೇಲೆ ಎಎನ್-32 ಇಳಿದದ್ದು 2008ರಲ್ಲಿ, ಸಿ-130ಜೆ ಇಳಿದದ್ದು 2013ರಲ್ಲಿ.

ಜೆಟ್ ಯುಗ ನಮ್ಮಲ್ಲಿ 1948ರಲ್ಲಿ ವ್ಯಾಂಪೈರ್‌ಗಳೊಂದಿಗೆ ಆರಂಭವಾಯಿತು. ಐವತ್ತರ ದಶಕದಲ್ಲಿ ಫ್ರಾನ್ಸಿನ ಊರಗಾನ್, ಮಿಸ್ಟೇರ್, ಬ್ರಿಟನ್ನಿನ ಹಂಟರ್, ಕ್ಯಾನ್‌ಬೆರಾ, ನ್ಯಾಟ್ ಹೀಗೆ ಒಂದರ ಹಿಂದೊಂದು ಬಂದವು. ಊರಗಾನ್‌ಗೆ ತೂಫಾನಿ ಎಂದು ಹೆಸರಿಟ್ಟರು. ಮುಂದೆ ಜಾಗ್ವಾರ್‌ಗೆ ಶಂಷೇರ್, ಮಿರಾಜ್‌ಗೆ ವಜ್ರ, ಮಿಗ್-29ಕ್ಕೆ ಬಾಜ್ ಎಂದೆಲ್ಲ ನಾಮಕರಣವಾಯಿತು. ಸರ್ಕಾರಿ ಪ್ರಕಟಣೆಗಳ ಹೊರಗೆ ಜಾಗ್ವಾರ್ ಜಾಗ್ವಾರಾಗಿಯೇ ಉಳಿಯಿತು. ನೆಲದ ಮೇಲೆ ಕೆಲಸ ಮಾಡುವ ಸಿಬ್ಬಂದಿಗಂತೂ ಹೆಸರುಗಳೇ ಬೇಕಿಲ್ಲ. ಮಿಗ್-21ರ ಬಗೆಗಳು ಅವರ ಬಾಯಲ್ಲಿ ಟೈಪ್ 77, ಟೈಪ್ 96, ಟೈಪ್ 75.

1965ರ ಸೆಪ್ಟೆಂಬರ್ 1ರ ಸಂಜೆ ಬಾಳಿಕೆಯ ಎರಡನೆಯ ಮುಖ ಕಾಣಿಸಿತು. ಜಮ್ಮುವಿನ ಛಂಬ್‌ನಲ್ಲಿ ಮುನ್ನುಗ್ಗುತ್ತಿದ್ದ ಪಾಕಿಸ್ತಾನದ ಟ್ಯಾಂಕುಗಳನ್ನು ತಡೆಯಲು ಪಠಾಣ್‌ಕೋಟ್‌ನಿಂದ 45ನೇ ಸ್ಕ್ವಾಡ್ರನ್ನಿನ ವ್ಯಾಂಪೈರ್‌ಗಳು ಹೊರಟವು. ಹೊಸದಾಗಿದ್ದಾಗ ಒಳ್ಳೆಯ ವಿಮಾನವೇ. ಆದರೆ ಆ ಹೊತ್ತಿಗೆ ಪಾಕಿಸ್ತಾನದ ಸೇಬರ್ ಜೆಟ್‌ಗಳ ಎದುರು ಅದಕ್ಕೆ ವೇಗವೂ ಇರಲಿಲ್ಲ, ಏರುವ ಶಕ್ತಿಯೂ ಇರಲಿಲ್ಲ. ನಾಲ್ಕು ವ್ಯಾಂಪೈರ್‌ಗಳು ಮರಳಲಿಲ್ಲ. ಆ ನಂತರ ವ್ಯಾಂಪೈರ್‌ಗಳನ್ನು ಯುದ್ಧದ ಮುಂಚೂಣಿಯಿಂದ ತೆಗೆದರು. ಎರಡೇ ದಿನಗಳ ಮೇಲೆ, ಸೇಬರ್‌ಗಳನ್ನು ಎದುರಿಸಲು ಪುಟ್ಟ ನ್ಯಾಟ್‌ಗಳು ಹೊರಟವು. ಏಳು ಮೀಟರೂ ಇಲ್ಲದ ರೆಕ್ಕೆಯಗಲದ ಆ ವಿಮಾನದಲ್ಲಿ ಬ್ರೇಕಿಗೆಂದು ಬೇರೆ ಫಲಕಗಳೇ ಇರಲಿಲ್ಲ. ಗಾಳಿಯಲ್ಲಿ ವೇಗ ತಗ್ಗಿಸಬೇಕಾದರೆ ಚಕ್ರಗಳನ್ನೇ ಅರ್ಧ ಕೆಳಗಿಳಿಸುತ್ತಿದ್ದರು. ಹಾರಿಸಲೂ ನಿಭಾಯಿಸಲೂ ಅದು ಸುಲಭದ ಯಂತ್ರವಾಗಿರಲಿಲ್ಲ, ಆದರೂ ತನ್ನ ಗಾತ್ರದಿಂದಲೇ ಶತ್ರುವಿನ ಕಣ್ಣು ತಪ್ಪಿಸುತ್ತಿತ್ತು. 1971ರ ಡಿಸೆಂಬರ್ 14ರಂದು ಶ್ರೀನಗರದ ಮೇಲೆ ಸೇಬರ್‌ಗಳ ಗುಂಪಿಗೆ ಎದುರಾಗಿ ಮಡಿದ ನಿರ್ಮಲ್‌ಜಿತ್ ಸಿಂಗ್ ಸೇಖೋನ್ ಹಾರಿಸುತ್ತಿದ್ದದ್ದು ಇದೇ ನ್ಯಾಟ್. ಪರಮವೀರ ಚಕ್ರ ಪಡೆದ ವಾಯುಪಡೆಯ ಏಕೈಕ ಯೋಧ ಅವರು.

ಕ್ಯಾನ್‌ಬೆರಾದ ಬಾಳಿಕೆಯನ್ನು ಮಾತ್ರ ನಾನು ಯಾವ ಅಳುಕೂ ಇಲ್ಲದೆ ಮೆಚ್ಚುತ್ತೇನೆ. ಅದರ ಎಂಜಿನ್ ಹೊತ್ತಿಸಲು ತೋಟಾ ಸಿಡಿಸುತ್ತಿದ್ದರು. ಸಿಡಿದ ಕೂಡಲೇ ದಟ್ಟ ಕಪ್ಪು ಹೊಗೆ ಎದ್ದು, ಆಮೇಲಷ್ಟೇ ಎಂಜಿನ್ನಿನ ಸದ್ದು ಏರುತ್ತಿತ್ತು. 1961ರಲ್ಲಿ ವಿಶ್ವಸಂಸ್ಥೆಯ ಪರವಾಗಿ ಕಾಂಗೋಗೆ ಹೋಯಿತು, 1965 ಮತ್ತು 1971ರಲ್ಲಿ ರಾತ್ರಿ ದಾಳಿಗಳನ್ನು ಮಾಡಿತು. ಬಾಂಬರಿನ ಕೆಲಸ ಮುಗಿದ ಮೇಲೆ ಎತ್ತರದಿಂದ ಚಿತ್ರ ತೆಗೆಯುವ ಕೆಲಸಕ್ಕೆ ನಿಂತಿತು. 1999ರ ಮೇ ತಿಂಗಳಲ್ಲಿ ಕಾರ್ಗಿಲ್ ಮೇಲೆ ಚಿತ್ರ ತೆಗೆಯುತ್ತಿದ್ದ ಒಂದು ಕ್ಯಾನ್‌ಬೆರಾಕ್ಕೆ ಕ್ಷಿಪಣಿ ತಗುಲಿದರೂ ಉಳಿದ ಒಂದು ಎಂಜಿನ್ನಿನ ಬಲದಿಂದ ಸುರಕ್ಷಿತವಾಗಿ ಇಳಿಯಿತು. ಅದು ನಿವೃತ್ತವಾದದ್ದು 2007ರ ಮೇ ತಿಂಗಳಲ್ಲಿ, ಐವತ್ತು ವರ್ಷ ದುಡಿದ ಮೇಲೆ. ಒಂದು ಕೆಲಸಕ್ಕೆ ಹಳತಾದಾಗ ಅದನ್ನು ಇನ್ನೊಂದಕ್ಕೆ ಹಚ್ಚಿದ್ದರಿಂದ ಅದು ಅಷ್ಟು ಕಾಲ ಉಳಿಯಿತು.

ಈಗ ಕಸ್ತೂರಬಾ ರಸ್ತೆಗೆ ಮರಳೋಣ. ಎರಡನೇ ಮಹಾಯುದ್ಧದಲ್ಲಿ ಜರ್ಮನಿಗೆ ಹೆಸರಾಂತ ಯುದ್ಧವಿಮಾನಗಳನ್ನು ರೂಪಿಸಿಕೊಟ್ಟಿದ್ದ ಕುರ್ಟ್ ಟ್ಯಾಂಕ್ 1956ರಲ್ಲಿ ತಮ್ಮ ಸಹಾಯಕರೊಂದಿಗೆ ಬೆಂಗಳೂರಿಗೆ ಬಂದರು. ಮೊದಲು ಮರದಿಂದ ಪೂರ್ಣ ಗಾತ್ರದ ಗ್ಲೈಡರ್ ಮಾಡಿ, 1959ರಲ್ಲಿ ಅದನ್ನು ಡಕೋಟಾಕ್ಕೆ ಹಗ್ಗ ಕಟ್ಟಿ ಮೇಲಕ್ಕೆಳೆದು ಬಿಟ್ಟು ಪರೀಕ್ಷಿಸಿದರು. 1961ರ ಜೂನ್ 17ರಂದು ವಿಂಗ್ ಕಮಾಂಡರ್ ಸುರಂಜನ್ ದಾಸ್ ಮಾರುತ್ ವಿಮಾನವನ್ನು ಮೊದಲ ಬಾರಿಗೆ ಹಾರಿಸಿದರು. ಒಡಲು ಶಬ್ದಾತೀತ ವೇಗಕ್ಕೆ ಸಿದ್ಧವಾಗಿತ್ತು, ಅದಕ್ಕೆ ತಕ್ಕ ಎಂಜಿನ್ ಮಾತ್ರ ಬರಲಿಲ್ಲ. ವಿನ್ಯಾಸಕಾರರು ನಂಬಿಕೊಂಡಿದ್ದ ಹೆಚ್ಚು ಬಲದ ಆರ್ಫಿಯಸ್‌ನ ಅಭಿವೃದ್ಧಿಯನ್ನು ಬ್ರಿಟನ್ ಕೈಬಿಟ್ಟಿತು. ಮುಂದುವರಿಸಲು ಬೇಕಾದ ಹಣ ಕೊಡಲು ದೆಹಲಿ ಒಪ್ಪಲಿಲ್ಲ. ಈಜಿಪ್ಟಿನ ಎಂಜಿನ್ನಿನ ಪ್ರಯೋಗವೂ ಕೈಗೂಡಲಿಲ್ಲ. ಕೊನೆಗೆ ನ್ಯಾಟ್‌ನಂಥ ಪುಟ್ಟ ವಿಮಾನಕ್ಕೆ ಹೊಂದುವ ಆರ್ಫಿಯಸ್ 703 ಎಂಜಿನ್‌ಗಳನ್ನು ಎರಡೆರಡು ಹಾಕಿ 147 ಮಾರುತ್‌ಗಳನ್ನು ಕಟ್ಟಿದರು. ನೀವು ಹಿಂಬದಿಯಲ್ಲಿ ನೋಡುವ ಆ ಚಿಕ್ಕ ಬಾಯಿಗಳು ಅವೇ. ಹಾರಿಸಿದವರು ಅದನ್ನು ಮೆಚ್ಚುತ್ತಿದ್ದರು: ತಗ್ಗಿನಲ್ಲಿ ಗಟ್ಟಿಯಾಗಿ ಹಾರುತ್ತಿತ್ತು, 1971ರಲ್ಲಿ ರಾಜಸ್ಥಾನದ ಗಡಿಯಲ್ಲಿ ಚೆನ್ನಾಗಿ ಕಾದಿತು, ಒಂದು ಸೇಬರ್ ಅನ್ನು ಹೊಡೆದುರುಳಿಸಿತು ಕೂಡ. ಆದರೆ ಅದನ್ನು ಕಟ್ಟಿದ್ದ ಉದ್ದೇಶ ಈಡೇರಲಿಲ್ಲ. ಇರುವ ಎಂಜಿನ್ನಿಗೇ ಆಫ್ಟರ್‌ಬರ್ನರ್ ಅಳವಡಿಸಿ ಬಲ ಹೆಚ್ಚಿಸುವ ಪ್ರಯತ್ನ ನಡೆದಾಗ, 1970ರ ಜನವರಿ 10ರಂದು, ಅಂಥ ಒಂದು ಮಾರುತ್ ಬೆಂಗಳೂರಿನಲ್ಲಿ ಪತನವಾಗಿ ಸುರಂಜನ್ ದಾಸ್ ತೀರಿಕೊಂಡರು. ಹಳೇ ಮದರಾಸು ರಸ್ತೆಯಿಂದ ಎಚ್‌ಎಎಲ್ ಕಡೆಗೆ ಹೋಗುವ, ದಿನವೂ ವಾಹನಗಳಿಂದ ಕಿಕ್ಕಿರಿಯುವ ಸುರಂಜನ್ ದಾಸ್ ರಸ್ತೆ ಅವರ ಹೆಸರಿನದು. ಎಷ್ಟೋ ಜನ ಆ ಹೆಸರನ್ನು ಬಸ್ಸಿನ ಬೋರ್ಡಿನಲ್ಲಿ ಓದುತ್ತಾರೆ, ಅಷ್ಟೆ.

ಮಾರುತ್ ತುಂಬದೆ ಬಿಟ್ಟ ಜಾಗವನ್ನು ತುಂಬಿದ್ದು ಮಿಗ್-21. 1963ರಲ್ಲಿ ಚಂಡೀಗಢದಲ್ಲಿ 28ನೇ ಸ್ಕ್ವಾಡ್ರನ್ ಇದನ್ನು ಪಡೆಯಿತು. ಮುಂದೆ ಒಡಲು ನಾಸಿಕ್‌ನಲ್ಲಿ, ಎಂಜಿನ್ ಕೊರಾಪುಟ್‌ನಲ್ಲಿ ತಯಾರಾಗಿ, ಒಟ್ಟು 870ಕ್ಕೂ ಹೆಚ್ಚು ಮಿಗ್-21ಗಳು ವಾಯುಪಡೆಗೆ ಸೇರಿದವು. 1971ರ ಡಿಸೆಂಬರ್ 14ರಂದು ಢಾಕಾದ ರಾಜ್ಯಪಾಲರ ನಿವಾಸದ ಮೇಲೆ ಇವು ರಾಕೆಟ್ ದಾಳಿ ಮಾಡಿದವು. ರಾಜ್ಯಪಾಲ ಮಲಿಕ್ ಅಂದೇ ರಾಜೀನಾಮೆ ಬರೆದುಕೊಟ್ಟರು. ಇಷ್ಟು ಸಮರ್ಥವಾಗಿದ್ದ ವಿಮಾನಕ್ಕೆ ಮುಂದೆ ಅಪಘಾತಗಳ ಕಾರಣದಿಂದ ಪತ್ರಿಕೆಗಳು ಹಾರುವ ಶವಪೆಟ್ಟಿಗೆ ಎಂದು ಹೆಸರಿಟ್ಟವು. ಆ ಹೆಸರು ಯಂತ್ರಕ್ಕೆ ಮಾಡಿದ ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಎತ್ತರದಲ್ಲಿ ಅತಿವೇಗವಾಗಿ ಹೋಗಿ ಶತ್ರು ವಿಮಾನವನ್ನು ಅಡ್ಡಗಟ್ಟಲೆಂದು ರೂಪಿಸಿದ ತ್ರಿಕೋನ ರೆಕ್ಕೆಯ ಈ ವಿಮಾನ ಗಂಟೆಗೆ 300 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ನೆಲ ಮುಟ್ಟುತ್ತದೆ, ತಪ್ಪನ್ನು ತಿದ್ದಿಕೊಳ್ಳಲು ಅವಕಾಶ ಕೊಡುವುದಿಲ್ಲ. ನಿಧಾನಗತಿಯ ಕಿರಣ್ ತರಬೇತಿ ವಿಮಾನದಿಂದ ಇಳಿದ ಯುವಕರನ್ನು ಹೆಚ್ಚುಕಡಿಮೆ ನೇರವಾಗಿ ಇದರಲ್ಲಿ ಕೂರಿಸುತ್ತಿದ್ದರು. ನಡುವೆ ಒಂದು ಮೆಟ್ಟಿಲು ಬೇಕು, ಮುಂದುವರಿದ ಜೆಟ್ ತರಬೇತಿ ವಿಮಾನ ಬೇಕು ಎಂದು ಏರ್ ಮಾರ್ಷಲ್ ಲಾ ಫಾಂಟೇನ್ ಸಮಿತಿ 1982ರಲ್ಲೇ ಹೇಳಿತ್ತು. ಆ ಮೆಟ್ಟಿಲು, ಅಂದರೆ ಹಾಕ್ ವಿಮಾನ, ನಮ್ಮ ಬೀದರ್ ವಾಯುನೆಲೆಯಲ್ಲಿ ಸೇವೆಗೆ ಸೇರಿದ್ದು 2008ರ ಫೆಬ್ರುವರಿಯಲ್ಲಿ. ಇಪ್ಪತ್ತಾರು ವರ್ಷ! ನಾನು ಎಷ್ಟೇ ಯಂತ್ರಪ್ರೇಮಿಯಾದರೂ ಈ ಎರಡು ಇಸವಿಗಳನ್ನು ಒಟ್ಟಿಗೆ ಓದಿದಾಗಲೆಲ್ಲ ಸಿಟ್ಟು ಬರುತ್ತದೆ. ಮಿಗ್-21ರ ಕೊನೆಯ ವಿಮಾನಗಳು 2025ರ ಸೆಪ್ಟೆಂಬರ್ 26ರಂದು, ತಾವು ಸೇವೆ ಆರಂಭಿಸಿದ ಅದೇ ಚಂಡೀಗಢದಲ್ಲಿ, 62 ವರ್ಷಗಳ ನಂತರ ವಿದಾಯ ಪಡೆದವು.

ಎಂಬತ್ತರ ದಶಕದಲ್ಲಿ ಬಂದ ಮಿಗ್-23, 25, 27, 29, ಮಿರಾಜ್ 2000, ಆಮೇಲೆ 2002ರಲ್ಲಿ ಬಂದ ಸುಖೋಯ್-30 ಎಂಕೆಐ, 2020ರಲ್ಲಿ ಬಂದ ರಫೇಲ್ ಇವುಗಳ ಬಗ್ಗೆ ನಿಮಗೆ ದೂರದರ್ಶನ, ಪತ್ರಿಕೆಗಳಿಂದಲೇ ಸಾಕಷ್ಟು ತಿಳಿದಿದೆ. ಜಾಗ್ವಾರ್ ಒಂದನ್ನು ಮಾತ್ರ ಇಲ್ಲಿ ಹೆಸರಿಸಬೇಕು. 1979ರಲ್ಲಿ ಬಂದ, ಬಳಿಕ ಬೆಂಗಳೂರಿನಲ್ಲೇ ನೂರಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಈ ವಿಮಾನವನ್ನು ಅದನ್ನು ಹುಟ್ಟಿಸಿದ ಫ್ರಾನ್ಸ್ 2005ರಲ್ಲೂ, ಬ್ರಿಟನ್ 2007ರಲ್ಲೂ ನಿವೃತ್ತಗೊಳಿಸಿದವು. ಈಗ ಜಗತ್ತಿನಲ್ಲಿ ಜಾಗ್ವಾರ್ ಹಾರಿಸುವವರು ನಾವು ಮಾತ್ರ. ಬಿಡಿಭಾಗ ಮಾಡುವ ಕಾರ್ಖಾನೆಗಳು ಬೇರೆಡೆ ಮುಚ್ಚಿದ್ದರಿಂದ ಫ್ರಾನ್ಸ್, ಒಮಾನ್‌ಗಳಲ್ಲಿ ಹಾರಾಟ ನಿಲ್ಲಿಸಿದ ಜಾಗ್ವಾರ್‌ಗಳ ಒಡಲನ್ನು ತಂದು, ಬೇಕಾದದ್ದನ್ನು ಬಿಚ್ಚಿಕೊಳ್ಳುವ ವ್ಯವಸ್ಥೆ ಮಾಡಿಕೊಂಡಿದ್ದೇವೆ. ಚಕೇರಿಯ ಲಿಬರೇಟರ್‌ಗಳಿಗೆ ಮಾಡಿದ್ದು ಇದನ್ನೇ. ಆಗ ನಮ್ಮ ಬಳಿ ಹಣ ಇರಲಿಲ್ಲ. ಈಗ ಬದಲಿ ವಿಮಾನ ಸಾಕಷ್ಟಿಲ್ಲ.

ತೇಜಸ್ ಆ ಬದಲಿಯಾಗಬೇಕಿತ್ತು, ಆಗಬೇಕಾಗಿದೆ. ಅದು ಮೊದಲು ಹಾರಿದ್ದು 2001ರ ಜನವರಿ 4ರಂದು, ಬೆಂಗಳೂರಿನಲ್ಲಿ. 2016ರ ಜುಲೈ 1ರಂದು ಎರಡೇ ಎರಡು ವಿಮಾನಗಳೊಂದಿಗೆ ಅದರ ಮೊದಲ ಸ್ಕ್ವಾಡ್ರನ್ ಇಲ್ಲಿಯೇ ಶುರುವಾಯಿತು. ಆ ಸ್ಕ್ವಾಡ್ರನ್ನಿನ ಸಂಖ್ಯೆ 45. ಛಂಬ್‌ಗೆ ವ್ಯಾಂಪೈರ್‌ಗಳನ್ನು ಕಳಿಸಿದ ಅದೇ ಸ್ಕ್ವಾಡ್ರನ್. ದೇಶೀಯ ಕಾವೇರಿ ಎಂಜಿನ್ ತೇಜಸ್‌ಗೆ ಬೇಕಾದ ಬಲ ಮುಟ್ಟದ ಕಾರಣ ಅಮೆರಿಕದ ಎಫ್-404 ಎಂಜಿನ್ನನ್ನೇ ನಂಬಬೇಕಾಯಿತು. ಸುಧಾರಿತ ಮಾರ್ಕ್-1ಎ ತೇಜಸ್‌ಗಳನ್ನು 83ರ ಸಂಖ್ಯೆಯಲ್ಲಿ ಕೊಳ್ಳಲು 2021ರಲ್ಲಿ ಒಪ್ಪಂದವಾಯಿತು. ಅವಕ್ಕೆಂದು ಕೇಳಿದ 99 ಎಂಜಿನ್‌ಗಳಲ್ಲಿ ಮೊದಲನೆಯದು ಕೈಸೇರಿದ್ದು 2025ರ ಮಾರ್ಚ್‌ನಲ್ಲಿ. ಅಷ್ಟರಲ್ಲಿ ಕಟ್ಟಿ ಮುಗಿದ ಒಡಲುಗಳು ಎಚ್‌ಎಎಲ್‌ನ ಹ್ಯಾಂಗರಿನಲ್ಲಿ ಎಂಜಿನ್ನಿಗಾಗಿ ಕಾದು ನಿಂತಿದ್ದವು. ಮಾರುತ್ ಕಾದದ್ದೂ ಇದೇ ಆವರಣದಲ್ಲಿ.